ಹೊಂಡ ಕಾದ ಇನ್ಸ್‌ಪೆಕ್ಟರ್ ಮನೆ ಬೆಕ್ಕು

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ಹೊಂಡವಿತ್ತು. ಒಂದು ದಂಡೆಯಲ್ಲಿ ಆಳೆತ್ತರದ ಜೊಂಡು, ಇನ್ನೊಂದು ದಂಡೆಯಲ್ಲಿ ಬರೀ ಬೆಣಚುಕಲ್ಲಿನ ಬಯಲು. ಜೊಂಡಿನ ಪಕ್ಕ ಒಂದು ಹುಣಸೆಮರ. ನೀರುಕೋಳಿಗಳು, ಬಾತುಗಳು, ಕಪ್ಪೆಗಳು ಎಲ್ಲ ಅಲ್ಲಿ ಸಂಸಾರ ಮಾಡಿಕೊಂಡಿದ್ದವು. ಆಗಾಗ ಜಗಳವನ್ನೂ ಮಾಡಿಕೊಳ್ಳುತ್ತಿದ್ದವು.

ಆ ಹೊಂಡದಲ್ಲಿ ಒಂದು ಪದ್ಧತಿ ಇತ್ತು. ಮೊಟ್ಟೆ ಇಡುವ ಕಾಲ ಬಂತೆಂದರೆ ಯಾರಾದರೊಬ್ಬರು ದಂಡೆಯ ಚಪ್ಪಟೆ ಕಲ್ಲಿನ ಮೇಲೆ ನಿಂತು ಎಲ್ಲರ ಗೂಡುಗಳನ್ನೂ ಕಾಯಬೇಕು. ಬಹಳ ವರ್ಷಗಳಿಂದ ಅಲ್ಲಿ ನಿಲ್ಲುತ್ತಿದ್ದವಳು ಟಿಟ್ಟಿಭ ಹಕ್ಕಿ ಕೆಂಚಮ್ಮ. ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ಇನ್ನು ಗಂಟಲಿನ ವಿಷಯ ಕೇಳಲೇಬೇಡಿ. ಎಮ್ಮೆ ಬಂದರೆ "ಟಿಟ್ಟಿಟ್ರೀ!" ಕುರಿಯವನು ಬಂದರೆ "ಟಿಟ್ಟಿಟ್ರೀ!" ಹುಣಸೆಮರದಿಂದ ಒಂದು ಒಣಗಿದ ಕಾಯಿ ಬಿದ್ದರೂ "ಟಿಟ್ಟಿಟ್ರೀ! ಟಿಟ್ಟಿಟ್ರೀ!" ಆಮೇಲೆ ಅದು ಬರೀ ಹುಣಸೆಕಾಯಿ ಎಂದು ಗೊತ್ತಾಗುವುದು. ನಾಚಿಕೆಪಡುವ ಜಾತಿಯವಳಲ್ಲ ಅವಳು. ಮತ್ತೆ ಕತ್ತು ಎತ್ತಿ ನಿಲ್ಲುವಳು.

ಇದರಿಂದ ಎಲ್ಲರಿಗಿಂತ ಹೆಚ್ಚು ಬೇಸತ್ತವಳು ನೀರುಕೋಳಿ ಸಾವಂತ್ರಿ. ಅವಳ ಗೂಡು ಜೊಂಡಿನೊಳಗೆ ಇತ್ತು. ಹೋದ ವರ್ಷ ಹೊಂಡ ತುಂಬಿ ಅವಳ ಮೊಟ್ಟೆಗಳೆಲ್ಲ ನೀರುಪಾಲಾಗಿದ್ದವು. ಈ ವರ್ಷ ಏಳು ಮೊಟ್ಟೆ ಇಟ್ಟಿದ್ದಳು. ಈ ಏಳಾದರೂ ಮರಿಯಾಗಿ ತನ್ನ ಹಿಂದೆ ಸಾಲಾಗಿ ಓಡಾಡಬೇಕು, ಅದೊಂದೇ ಅವಳ ಆಸೆ. ಆದರೆ ಹೊಟ್ಟೆಗೂ ಬೇಕಲ್ಲ? ಮೇಯಲು ಹೊರಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೆಂಚಮ್ಮ ಅರಚುವಳು. ಇವಳು ಎದ್ದುಬಿದ್ದು ಗೂಡಿಗೆ ಓಡುವಳು. ನೋಡಿದರೆ ಎಮ್ಮೆ.

"ಒಂದು ಹುಳ ನೆಮ್ಮದಿಯಾಗಿ ನುಂಗೋಕೆ ಬಿಡಲ್ಲ ಕಣಣ್ಣ ಇವಳು," ಎಂದು ಸಾವಂತ್ರಿ ಬಾತು ದೊಡ್ಡೀರಪ್ಪನ ಹತ್ತಿರ ದೂರು ಹೇಳಿದಳು. "ಬೆಳಗ್ಗೆಯಿಂದ ಹನ್ನೊಂದು ಸಲ ಓಡಿದ್ದೀನಿ. ಹನ್ನೊಂದು ಸಲವೂ ಅದೇ ಎಮ್ಮೆ!"

ದೊಡ್ಡೀರಪ್ಪ ಹೊಂಡದ ಯಜಮಾನ. ಯಾರು ಮಾಡಿದರು ಎಂದು ಕೇಳಬೇಡಿ. ಎದೆ ಉಬ್ಬಿಸಿಕೊಂಡು ಈಜುತ್ತಿದ್ದ, ಉಳಿದವರು ದಾರಿ ಬಿಡುತ್ತಿದ್ದರು, ಅಷ್ಟೆ. ಅವನು ಕೆಂಚಮ್ಮನನ್ನು ಕರೆಸಿದ.

"ಏನಮ್ಮ ಇದು? ಅಪಾಯ ಬಂದಾಗ ಮಾತ್ರ ಕೂಗಬಾರದಾ?"

"ಕೂಗಬಹುದಿತ್ತು ಈರಪ್ಪಣ್ಣ," ಎಂದಳು ಕೆಂಚಮ್ಮ. "ಹತ್ತು ಸಲದಲ್ಲಿ ಒಂಬತ್ತು ಸಲ ಎಮ್ಮೆನೇ ಇರುತ್ತೆ. ಹತ್ತನೇ ಸಲ ಯಾವುದು ಅಂತ ನಂಗೆ ಮೊದಲೇ ಗೊತ್ತಾಗಲ್ಲವಲ್ಲ!"

ಈ ಉತ್ತರ ಯಾರಿಗೂ ಹಿಡಿಸಲಿಲ್ಲ. ಸರಿಯಾಗಿದ್ದ ಉತ್ತರವೇ, ಅದಕ್ಕೇ ಹಿಡಿಸಲಿಲ್ಲ.

ಅದೇ ವಾರ ಹೊಂಡಕ್ಕೆ ಒಂದು ಬೆಕ್ಕು ಬಂತು.

ಕಂದು ಪಟ್ಟೆಯ ದಪ್ಪ ಗಂಡುಬೆಕ್ಕು. ಎರಡು ಕಡೆ ಹುರಿ ಮಾಡಿದಂಥ ಬಿಳಿ ಮೀಸೆ. ಕೊರಳಲ್ಲಿ ಕೆಂಪು ಪಟ್ಟಿ, ಪಟ್ಟಿಗೆ ಒಂದು ಹಿತ್ತಾಳೆ ಗಂಟೆ. ಅದು ನಿಧಾನವಾಗಿ ನಡೆದುಬಂದು, ಯಾರನ್ನೂ ಕೇಳದೆ, ಬಿಸಿಲಿಗೆ ಬೆಚ್ಚಗಾಗಿದ್ದ ಆ ಕಾವಲುಕಲ್ಲಿನ ಮೇಲೆಯೇ ಕುಳಿತಿತು. ಹೊಂಡದವರೆಲ್ಲ ಜೊಂಡಿನ ಸಂದಿಯಿಂದ ಇಣುಕಿದರು.

"ತಾವು ಯಾರು ಸ್ವಾಮಿ?" ಎಂದು ದೊಡ್ಡೀರಪ್ಪ ನೀರಿನ ನಡುವಿನಿಂದಲೇ ಕೇಳಿದ.

"ರಣಧೀರ," ಎಂದಿತು ಬೆಕ್ಕು. "ಇನ್ಸ್‌ಪೆಕ್ಟರ್ ಮನೆಯವನು."

ಬೆಕ್ಕಿನ ನಿಜವಾದ ಹೆಸರು ಬೆಣ್ಣೆಮುದ್ದೆ. ಇನ್ಸ್‌ಪೆಕ್ಟರ್ ಮಗಳು ಇಟ್ಟದ್ದು. ಅದನ್ನು ಬೆಕ್ಕು ಹೊಂಡದಲ್ಲಿ ಯಾರಿಗೂ ಹೇಳಲಿಲ್ಲ. ನಾನು ನಿಮಗೆ ಹೇಳುತ್ತಿದ್ದೇನೆ.

"ಇನ್ಸ್‌ಪೆಕ್ಟರ್ ಮನೆಯಲ್ಲಿ ತಾವು ಏನು ಮಾಡ್ತಿದ್ರಿ?"

"ಇದ್ದೆ," ಎಂದಿತು ಬೆಕ್ಕು. "ಏಳು ವರ್ಷ ಇದ್ದೆ. ಆ ಏಳು ವರ್ಷದಲ್ಲಿ ಒಬ್ಬನೇ ಒಬ್ಬ ಕಳ್ಳನೂ ಆ ಮನೆ ಕಡೆ ತಲೆ ಹಾಕಿ ಮಲಗಲಿಲ್ಲ."

"ಅಬ್ಬಾ!" ಎಂದವು ಕಪ್ಪೆಗಳು.

ನೋಡಿ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಾವ ಕಳ್ಳನಿಗೆ ತಲೆ ಕೆಟ್ಟಿದೆ ಇನ್ಸ್‌ಪೆಕ್ಟರ್ ಮನೆಗೆ ಹೋಗಲು? ಅದೂ ಗೇಟಿನಲ್ಲಿ ಕರುವಿನಷ್ಟು ಎತ್ತರದ ನಾಯಿ ಕಟ್ಟಿಹಾಕಿರುವಾಗ? ಇನ್ಸ್‌ಪೆಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಲಾರಿಗೆ ಮಂಚ ಏರಿತು, ಬೀರು ಏರಿತು, ಹೂವಿನ ಕುಂಡಗಳೂ ಏರಿದವು. ನಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಬೆಕ್ಕು ಹೆಂಚಿನ ಮೇಲೆ ನಿದ್ದೆ ಹೊಡೆಯುತ್ತಿತ್ತು. ಯಾರೂ ಹುಡುಕಲಿಲ್ಲ. ನಾಯಿಯನ್ನು ಕರೆದುಕೊಂಡು ಹೋದವರು ಬೆಕ್ಕನ್ನು ಯಾಕೆ ಬಿಟ್ಟುಹೋದರು ಎಂದು ಹೊಂಡದಲ್ಲಿ ಒಬ್ಬರಾದರೂ ಕೇಳಬಹುದಿತ್ತು.

ಸಾವಂತ್ರಿ ಮಾತ್ರ ಬೇರೊಂದು ಪ್ರಶ್ನೆ ಕೇಳಿದಳು. "ಬೆಕ್ಕುಗಳು ನಮ್ಮಂಥವರನ್ನ, ನಮ್ಮ ಮೊಟ್ಟೆಗಳನ್ನ ತಿಂತಾವಲ್ಲ ಸ್ವಾಮಿ?"

ಬೆಕ್ಕು ಮುಖ ಸಿಂಡರಿಸಿತು. "ಹಸಿ ಮೊಟ್ಟೆಯಾ? ಛೆ! ಬೇಯಿಸಿ, ಸಿಪ್ಪೆ ಸುಲಿದು, ಸ್ವಲ್ಪ ಉಪ್ಪು ಉದುರಿಸಿ ತಟ್ಟೆಯಲ್ಲಿಟ್ಟರೆ ನೋಡಬಹುದು. ಇನ್ನು ಹಕ್ಕಿ ಹಿಡಿಯೋದು ಅಂದ್ರೆ ಓಡಬೇಕು, ಹಾರಬೇಕು. ಯಾರಿಗೆ ಬೇಕು ಆ ಪಾಡು?"

"ಎಂಥಾ ಸಂಯಮ!" ಎಂದು ದೊಡ್ಡೀರಪ್ಪ ತಲೆದೂಗಿದ. ಮಕ್ಕಳೇ, ಸೋಮಾರಿತನ ದಪ್ಪಗಿದ್ದು, ಅದಕ್ಕೊಂದು ಮೀಸೆಯೂ ಇದ್ದರೆ ಅದನ್ನು ಸಂಯಮ ಎನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ.

ಆದರೂ ಯಜಮಾನ ಪರೀಕ್ಷೆ ಮಾಡದೆ ಬಿಡುವವನಲ್ಲ. "ಒಂದು ದಿನ ಕಾದು ತೋರಿಸಿ ಸ್ವಾಮಿ," ಎಂದ.

ಬೆಕ್ಕು ಕಲ್ಲಿನ ಮೇಲೆ ಕುಳಿತು ಎದುರಿಗೆ ನೋಡತೊಡಗಿತು. ಬೆಕ್ಕುಗಳು ಏನೂ ಇಲ್ಲದ ಕಡೆ ಹೇಗೆ ನೋಡುತ್ತಾ ಕೂರುತ್ತವೆ, ನೀವು ಕಂಡಿದ್ದೀರಲ್ಲ? ಹಾಗೆ. ರೆಪ್ಪೆ ಬಡಿಯಲಿಲ್ಲ, ಕತ್ತು ಹೊರಳಲಿಲ್ಲ. ಹೊಂಡದವರೂ ಅದೇ ದಿಕ್ಕಿಗೆ ನೋಡಿದರು. ಅಲ್ಲಿ ಖಾಲಿ ಬಯಲು, ಬಿಸಿಲು.

"ಏನು ಕಾಣ್ತಿದೆ ಅವರಿಗೆ?" ಎಂದು ಒಂದು ಕಪ್ಪೆ ಪಿಸುಗುಟ್ಟಿತು.

"ನಮಗೆ ಕಾಣದ್ದು," ಎಂದ ದೊಡ್ಡೀರಪ್ಪ. "ಅಪಾಯ ಇನ್ನೂ ದೂರದಲ್ಲಿರುವಾಗಲೇ ದಿಟ್ಟಿಸಿ ಅಟ್ಟಿಬಿಡ್ತಾರೆ. ಕೂಗಾಟ ಇಲ್ಲ, ರಂಪ ಇಲ್ಲ. ಇದಪ್ಪಾ ಕಾವಲು ಅಂದ್ರೆ!"

ಸಂಜೆಯವರೆಗೆ ಏನೂ ಬರಲಿಲ್ಲ. ಅದಕ್ಕಿಂತ ಬೇರೆ ಸಾಕ್ಷಿ ಬೇಕೇ?

"ಕೊರಳಲ್ಲಿ ಗಂಟೆ ಬೇರೆ ಇದೆ," ಎಂದು ಯಜಮಾನ ಮುಂದುವರಿಸಿದ. "ಯಾವನಾದ್ರೂ ದಿಟ್ಟಿಗೂ ಬಗ್ಗದೆ ಒಳಗೆ ಬಂದ ಅಂತ ಇಟ್ಕೊಳ್ಳಿ. ಸಾಹೇಬ್ರು ಅವನ ಹಿಂದೆ ಓಡ್ತಾರೆ. ಓಡಿದ್ರೆ ಗಂಟೆ ಕೇಳುತ್ತೆ. ಗಂಟೆ ಕೇಳಿತು ಅಂದ್ರೆ ಕಳ್ಳನನ್ನ ಅಟ್ಟಿಸಿಕೊಂಡು ಹೋಗ್ತಿದ್ದಾರೆ ಅಂತ ತಿಳ್ಕೊಂಡು ನಾವೆಲ್ಲ ನಿಶ್ಚಿಂತೆಯಾಗಿ ಇರಬಹುದು."

ಎಲ್ಲರೂ ಹೌದು ಹೌದು ಎಂದರು. ಬೆಕ್ಕಿಗೆ ಆಗಲೇ ಕಣ್ಣು ಎಳೆಯುತ್ತಿತ್ತು. ದಿನಕ್ಕೆ ನಾಲ್ಕು ಮೀನಿನ ಮರಿ ಕೊಡುವುದು ಎಂದು ಗೊತ್ತುಮಾಡಿದರು. ಕೆಂಚಮ್ಮ ಇಷ್ಟು ವರ್ಷ ಒಂದು ಹುಳವನ್ನೂ ಕೇಳಿದವಳಲ್ಲ. ಕೇಳದಿದ್ದುದರಿಂದಲೇ ಅವಳಿಗೆ ಬೆಲೆಯೂ ಇರಲಿಲ್ಲ.

ಮರುದಿನ ದೊಡ್ಡೀರಪ್ಪ ಅವಳಿಗೆ ಹೇಳಿದ, "ಇನ್ನು ನಿನಗೆ ಈ ಕಷ್ಟ ಬೇಡ ಕೆಂಚಮ್ಮ. ಇಲ್ಲೇ ಇರಬೇಕು ಅಂದ್ರೆ ಬಾಯಿ ಮುಚ್ಕೊಂಡು ಇರು."

ಕೆಂಚಮ್ಮ ಆ ವರ್ಷ ಇನ್ನೂ ಮೊಟ್ಟೆ ಇಟ್ಟಿರಲಿಲ್ಲ. ಅವಳು ಸಾವಂತ್ರಿಯ ಕಡೆ ನೋಡಿದಳು. ನೆರೆಯವಳು ಒಂದು ಮಾತಾದರೂ ಆಡಿಯಾಳು ಎಂದು ಅವಳಿಗೆ ಆಸೆ ಇತ್ತು. ಸಾವಂತ್ರಿ ಜೊಂಡಿನ ಎಲೆಯೊಂದನ್ನು ಸರಿಮಾಡುವುದರಲ್ಲೇ ಮುಳುಗಿಹೋದಂತೆ ನಟಿಸಿದಳು. ಕೆಂಚಮ್ಮ ಆಚೆ ದಂಡೆಯ ಬೆಣಚುಕಲ್ಲಿನ ಬಯಲಿಗೆ ಹಾರಿಹೋದಳು. ಅಲ್ಲಿ ಬರಿನೆಲದ ಮೇಲೆ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಟ್ಟಳು. ಟಿಟ್ಟಿಭದ ಮನೆಗೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಈಚೆ ದಂಡೆಯ ಎಮ್ಮೆಗೆ ಕೂಗಲು ಅವಳಿಗೆ ಅಪ್ಪಣೆ ಇರಲಿಲ್ಲ, ಆಚೆಯ ಬಯಲಿಗೆ ಯಾರೂ ಬರುತ್ತಿರಲಿಲ್ಲ.

ಹೊಂಡ ಎಷ್ಟು ತಣ್ಣಗಾಯಿತು ಅಂತೀರಿ! ಎಮ್ಮೆ ಬಂದು ನೀರು ಕುಡಿದು ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಕುರಿಯವನು ಬಂದು ಕಾಲು ತೊಳೆದು ಹೋದ, ಯಾರೂ ತಲೆ ಎತ್ತಲಿಲ್ಲ. ಸಾವಂತ್ರಿ ಹೊಟ್ಟೆತುಂಬ ಮೇಯತೊಡಗಿದಳು. ಮೈಕೈ ತುಂಬಿಕೊಂಡಳು.

ಬೆಕ್ಕು ಹೇಗೆ ಕಾಯುತ್ತಿತ್ತು? ಬೆಳಗ್ಗೆ ಮೀನು ತಿಂದು, ಮುಂಗಾಲು ನೆಕ್ಕಿ, ಮುಖ ಒರೆಸಿ, ಮಲಗುತ್ತಿತ್ತು. ಬಿಸಿಲು ಸರಿದರೆ ತಾನೂ ಸರಿದು ಮಲಗುತ್ತಿತ್ತು. ಮಧ್ಯಾಹ್ನ ಎದ್ದು ಮೈಮುರಿದು ಆಚೆ ಮಗ್ಗುಲಿಗೆ ಮಲಗುತ್ತಿತ್ತು. ಒಂದು ದಿನ ಮಿಡತೆಯೊಂದನ್ನು ಹಿಡಿದು, ಅರ್ಧ ಗಂಟೆ ಆಟವಾಡಿಸಿ ಕೊಂದಿತು. ಕಪ್ಪೆಗಳು ಅದನ್ನು ದೊಡ್ಡ ಯುದ್ಧವೆಂಬಂತೆ ಮೂರು ದಿನ ವರ್ಣಿಸಿದವು.

ಒಮ್ಮೆ ಸಾವಂತ್ರಿ ಹೆದರುತ್ತಲೇ ಕೇಳಿದಳು, "ಸಾಹೇಬ್ರೇ, ತಾವು ಜೊಂಡಿಗೆ ಬೆನ್ನು ಹಾಕಿ ಮಲಗಿದ್ದೀರಲ್ಲ? ನನ್ನ ಗೂಡು ಈ ಕಡೆ ಇದೆ."

ಬೆಕ್ಕು ಕಣ್ಣು ತೆರೆಯದೆ ಒಂದು ಕಿವಿಯನ್ನು ಮಾತ್ರ ಹಿಂದಕ್ಕೆ ತಿರುಗಿಸಿತು.

"ನೋಡಿದೆಯಾ?" ಎಂದು ದೊಡ್ಡೀರಪ್ಪ ಅವಳನ್ನೇ ಗದರಿದ. "ಕಿವಿಯಲ್ಲೇ ಕಾಯ್ತಾರೆ. ಕೆಲಸ ಮಾಡೋವಾಗ ಮಾತಾಡಿಸಬೇಡ."

ಸಾವಂತ್ರಿ ಮೇಯಲು ಹೋದಳು. ಅವಳ ಮನಸ್ಸಿನಲ್ಲಿ ಏನೋ ಚುಚ್ಚಿತು, ನಿಜ. ಆದರೆ ಹೊಟ್ಟೆ ತುಂಬಿರುವಾಗ ಅಂಥ ಚುಚ್ಚುವಿಕೆ ಬಹಳ ಹೊತ್ತು ಇರುವುದಿಲ್ಲ.

ಹೊಂಡದ ಏರಿಯಲ್ಲಿ ಒಂದು ಬಿಲ. ಬಿಲದಲ್ಲಿ ಒಂದು ಉಡ. ಉಡ ಎಂದರೆ ಗೊತ್ತಲ್ಲ? ಮಾರುದ್ದದ ಹಲ್ಲಿಯನ್ನು ನೆನೆಸಿಕೊಳ್ಳಿ. ಸೀಳು ನಾಲಿಗೆ, ಚಾಟಿಯಂಥ ಬಾಲ. ಅದಕ್ಕೆ ಮೊಟ್ಟೆ ಎಂದರೆ ಪ್ರಾಣ. ಕೆಂಚಮ್ಮ ಇದ್ದಾಗ ಅದು ಬಿಲದಿಂದ ಮೂತಿ ಹೊರಗಿಟ್ಟರೆ ಸಾಕು, ಅವಳು ಊರು ಕೇರಿ ಒಂದು ಮಾಡುತ್ತಿದ್ದಳು. ಎಲ್ಲ ತಾಯಂದಿರೂ ಗೂಡಿನ ಬಳಿಗೆ ಓಡಿಬಂದು ರೆಕ್ಕೆ ಬಡಿದು ಕುಕ್ಕಲು ನಿಲ್ಲುತ್ತಿದ್ದರು. ಅಷ್ಟು ಕೊಕ್ಕುಗಳ ನಡುವೆ ನುಗ್ಗಲು ಉಡಕ್ಕೆ ಧೈರ್ಯವಾಗುತ್ತಿರಲಿಲ್ಲ.

ಹತ್ತು ದಿನದಿಂದ ಸದ್ದೇ ಇಲ್ಲ. "ಅರಚುಬಾಯಿ ಸತ್ತಳೋ ಹೇಗೆ?" ಎಂದುಕೊಂಡು ಉಡ ಒಂದು ಬೆಳಗ್ಗೆ ಹೊರಗೆ ಬಂತು. ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು. ಯಾರೂ ಕೂಗಲಿಲ್ಲ. ಇನ್ನೂ ಹತ್ತು ಹೆಜ್ಜೆ ಇಟ್ಟಿತು. ಏರಿ ಇಳಿದು ನೇರವಾಗಿ ಚಪ್ಪಟೆ ಕಲ್ಲಿನ ಬಳಿಗೇ ಬಂದು ನಾಲಿಗೆ ಆಡಿಸಿತು. ಆ ನಾಲಿಗೆ ಬೆಕ್ಕಿನ ಮೂಗಿಗೆ ತಾಗುವುದೊಂದು ಬಾಕಿ.

ಬೆಕ್ಕು ಕಣ್ಣು ಬಿಟ್ಟಿತು.

"ನೀನು ಯಾರೋ?" ಎಂದಿತು ಉಡ.

ಬೆಕ್ಕಿನ ಮೈಯ ಕೂದಲೆಲ್ಲ ಎದ್ದು ನಿಂತಿತು. "ರ... ರಣಧೀರ. ಇನ್ಸ್‌ಪೆಕ್ಟರ್ ಮನೆಯವನು."

"ಇನ್ಸ್‌ಪೆಕ್ಟರ್ ಎಲ್ಲಿ?"

"ಅವರಿಗೆ ವರ್ಗ ಆಯ್ತು."

"ಹಾಗಾದ್ರೆ ಪಕ್ಕಕ್ಕೆ ಸರಿ," ಎಂದು ಉಡ ಬುಸುಗುಟ್ಟಿ ಬಾಲದಿಂದ ಕಲ್ಲಿಗೊಂದು ಬಾರಿಸಿತು. ಏಟು ಬಿದ್ದದ್ದು ಕಲ್ಲಿಗೆ. ನೆಗೆದದ್ದು ಬೆಕ್ಕು. ಗಲಗಲಗಲ ಗಂಟೆ ಬಾರಿಸಿಕೊಂಡು ಓಡಿ, ಹುಣಸೆಮರ ಹತ್ತಿ, ಗಟ್ಟಿಯಾದ ಕೊಂಬೆ ನೋಡಿ ಕುಳಿತಿತು. ಏಳು ವರ್ಷದಲ್ಲಿ ಅದು ಅಷ್ಟು ಚುರುಕಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಉಡ ಜೊಂಡಿನೊಳಗೆ ನುಸುಳಿತು.

ಸಾವಂತ್ರಿ ಹೊಂಡದ ಆ ತುದಿಯಲ್ಲಿ ಕೆಸರು ಕೆದಕಿ ಬಸವನಹುಳು ತಿನ್ನುತ್ತಿದ್ದಳು. ಗಂಟೆ ಕೇಳಿಸಿತು. ಅವಳು ಹಳೆಯ ಅಭ್ಯಾಸದಿಂದ ಓಡಲು ಒಂದು ಕಾಲು ಎತ್ತಿದಳು.

"ಎಲ್ಲಿಗೆ?" ಎಂದು ಹತ್ತಿರದಲ್ಲೇ ತೇಲುತ್ತಿದ್ದ ದೊಡ್ಡೀರಪ್ಪ ನಕ್ಕ. "ಗಂಟೆ ಕೇಳಲಿಲ್ಲವಾ? ಸಾಹೇಬ್ರು ಯಾವನನ್ನೋ ಅಟ್ಟಿಸಿಕೊಂಡು ಹೋಗ್ತಿದ್ದಾರೆ. ನೀನು ತಿನ್ನು."

"ಪಾಪ, ಈ ಬಿಸಿಲಲ್ಲಿ ಎಷ್ಟು ಓಡ್ತಾರೋ," ಎಂದಳು ಸಾವಂತ್ರಿ. ಎತ್ತಿದ ಕಾಲನ್ನು ಕೆಳಗಿಟ್ಟಳು. ಇನ್ನೂ ಎರಡು ಬಸವನಹುಳು ತಿಂದಳು. ದಪ್ಪಗಿದ್ದವು, ರುಚಿಯಾಗಿದ್ದವು. ಆ ಎರಡು ಹುಳುಗಳನ್ನು ಅವಳು ಜೀವಮಾನದಲ್ಲಿ ಮರೆಯಲಿಲ್ಲ.

ಅಷ್ಟರಲ್ಲಿ ಆಚೆ ದಂಡೆಯಿಂದ ಆ ಹಾಳು ದನಿ ಎದ್ದಿತು. "ಟಿಟ್ಟಿಟ್ರೀ! ಟಿಟ್ಟಿಟ್ರೀ! ಟಿಟ್ಟಿಟ್ರೀ!"

ಬೆಣಚುಕಲ್ಲಿನ ಬಯಲಿನಿಂದ ಕೆಂಚಮ್ಮ ಜೊಂಡು ಅಲುಗಾಡುವುದನ್ನು ಕಂಡಿದ್ದಳು. ಗಾಳಿ ಇಲ್ಲದ ಹೊತ್ತಿನಲ್ಲಿ ಜೊಂಡು ಯಾಕೆ ಅಲುಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಂಡ ದಾಟಿ ಹಾರಿಬಂದು ಮೇಲಿನಿಂದ ಎರಗಿದಳು. ಉಡದ ನೆತ್ತಿಗೆ ಕುಕ್ಕಿದಳು, ಮೇಲೆದ್ದಳು, ಅರಚಿದಳು, ಮತ್ತೆ ಎರಗಿದಳು. ಸಾವಂತ್ರಿ ಓಡಿದಳು. ಇತರ ತಾಯಂದಿರೂ ಓಡಿದರು. ಇಷ್ಟು ಕೊಕ್ಕುಗಳನ್ನು ಕಂಡು ಉಡ ಜೊಂಡಿನಿಂದ ಹೊರಬಿದ್ದು ಬಿಲದ ಕಡೆಗೆ ಸರಸರ ಹೋಯಿತು. ಅದರ ಮೂತಿಯ ಮೇಲೆ ಹಳದಿ ಮೆತ್ತಿತ್ತು.

ಗೂಡಿನಲ್ಲಿ ಎರಡು ಮೊಟ್ಟೆ ಇದ್ದವು. ಉಳಿದದ್ದು ಚೂರು ಚೂರು ಚಿಪ್ಪು.

ಸಾವಂತ್ರಿ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಕೊಕ್ಕಿನಿಂದ ಎತ್ತಿ ಪಕ್ಕಕ್ಕಿಟ್ಟು, ಆ ಎರಡರ ಮೇಲೆ ಕುಳಿತಳು.

ಸ್ವಲ್ಪ ಹೊತ್ತಿಗೆ ಬೆಕ್ಕು ಮರದಿಂದ ಹಿಮ್ಮುಖವಾಗಿ ಜಾರಿಕೊಂಡು ಇಳಿಯಿತು. ಮೈಯನ್ನೆಲ್ಲ ನೆಕ್ಕಿ ಸರಿಮಾಡಿಕೊಂಡು ಎಲ್ಲರ ನಡುವೆ ಬಂದು ಕುಳಿತಿತು.

"ಎಲ್ಲಿ ಹೋಗಿದ್ರಿ ಸ್ವಾಮಿ?" ಎಂದು ದೊಡ್ಡೀರಪ್ಪ ಕೇಳಿದ.

"ಎಲ್ಲೂ ಹೋಗಿಲ್ಲವಲ್ಲ! ಮೇಲಿಂದ ಎಲ್ಲ ನೋಡ್ತಾನೇ ಇದ್ದೆ," ಎಂದಿತು ಬೆಕ್ಕು. "ಬೇಕಾದ್ರೆ ಹೇಳ್ತೀನಿ ಕೇಳಿ. ಉಡ ಪೂರ್ವದ ಕಡೆಯಿಂದ ಬಂತು. ಉದ್ದ ಒಂದು ಮಾರು. ಮೊದಲು ಅಂಚಿನ ಮೊಟ್ಟೆ ಒಡೀತು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಡುವಿನ ಮೂರು. ಐದನೆಯದನ್ನ ಸ್ವಲ್ಪ ಚೆಲ್ಲಿತು. ಒಂದೂ ನನ್ನ ಕಣ್ಣು ತಪ್ಪಿಲ್ಲ. ನಮ್ಮ ಇನ್ಸ್‌ಪೆಕ್ಟರೂ ಅಷ್ಟೇ. ಎಲ್ಲ ಆದಮೇಲೆ ಹೋಗಿ ಒಂದೂ ಬಿಡದೆ ಬರ್ಕೊಂಡು ಬರ್ತಿದ್ರು."

"ನೋಡೋದಲ್ಲ ಸ್ವಾಮಿ, ತಡೀಬೇಕಿತ್ತು!"

"ತಡೆಯೋದಾ?" ಬೆಕ್ಕಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮೊಟ್ಟೆ ನಂದಲ್ಲವಲ್ಲ!"

ಬೆಕ್ಕು ಬಂದ ದಿನದಿಂದ ಒಂದು ಸುಳ್ಳನ್ನೂ ಹೇಳಿರಲಿಲ್ಲ, ಹೆಸರೊಂದನ್ನು ಬಿಟ್ಟು. ಇದೂ ನಿಜವೇ ಆಗಿತ್ತು. "ಈ ಹೊತ್ತಿನ ಮೀನು ಇನ್ನೂ ಬಂದಿಲ್ಲ," ಎಂದು ಅದು ನೆನಪಿಸಿತು. ಎಲ್ಲ ತಾಯಂದಿರೂ ಒಟ್ಟಿಗೆ ರೆಕ್ಕೆ ಬಿಚ್ಚಿದರು. ಹೊಂಡದವರಿಗೆ ಎರಡನೆಯ ಸಲ ಆ ಗಂಟೆ ಕೇಳಿಸಿತು. ಈ ಸಲ ಅದು ಊರಿನ ಕಡೆ ಓಡುತ್ತಿತ್ತು.

"ನಂಗೆ ಮೊದಲಿಂದಲೂ ಆ ಬೆಕ್ಕಿನ ಮೇಲೆ ಅನುಮಾನ ಇತ್ತು," ಎಂದ ದೊಡ್ಡೀರಪ್ಪ. ಕಪ್ಪೆಗಳು ಕೂಡ ಅವನ ಮುಖ ನೋಡಲಿಲ್ಲ. ಅವನು ಕೆಂಚಮ್ಮನ ಕಡೆ ತಿರುಗಿದ. "ಕೆಂಚಮ್ಮ, ಆದದ್ದು ಆಯ್ತು. ನೀನು ನಮಗೋಸ್ಕರ ಓಡಿಬಂದೆಯಲ್ಲ, ದೊಡ್ಡ ಮನಸ್ಸು. ಮತ್ತೆ ಕಲ್ಲಿನ ಮೇಲೆ ನಿಂತ್ಕೋ. ಕೂಗೋದನ್ನ ಮಾತ್ರ ಒಂಚೂರು ಮೆತ್ತಗೆ..."

"ನಿಮಗೋಸ್ಕರ ಅಂತ ಯಾರು ಹೇಳಿದ್ದು?" ಎಂದಳು ಕೆಂಚಮ್ಮ. ಅವಳಿಗೆ ಇನ್ನೂ ಏದುಸಿರು. "ಆಚೆ ದಂಡೇಲಿ ನನ್ನ ನಾಲ್ಕು ಮೊಟ್ಟೆ ಬರಿನೆಲದ ಮೇಲಿವೆ. ಇಲ್ಲಿ ತಿಂದವನು ನಾಳೆ ಅಲ್ಲಿಗೆ ಬರ್ತಾನೆ. ಅದಕ್ಕೇ ಬಂದೆ. ಮೆತ್ತಗೆ ಕೂಗು ಅಂತೀಯಲ್ಲ ಈರಪ್ಪಣ್ಣ, ಅದು ನಾನು ಮಾಡೋ ಕೆಲಸ ಅಲ್ಲ, ನನ್ನ ಭಯ. ಅದು ಮೆತ್ತಗೆ ಬರಲ್ಲ."

ಅಷ್ಟು ಹೇಳಿ ಅವಳು ತನ್ನ ಮೊಟ್ಟೆಗಳ ಬಳಿಗೆ ಹಾರಿದಳು. ಅಲ್ಲಿಂದಲೇ ಹೊಂಡದ ಎರಡೂ ದಂಡೆಗೆ ಕೇಳುವಂತೆ ಅರಚಿದಳು.

ಬೆಕ್ಕಿನ ಕತೆ ಏನಾಯಿತು ಎನ್ನುತ್ತೀರಾ? ಇನ್ಸ್‌ಪೆಕ್ಟರ್ ಮನೆಗೆ ಹೊಸ ಇನ್ಸ್‌ಪೆಕ್ಟರ್ ಬಂದಿದ್ದರು. ಅಡುಗೆಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು. ಬೆಕ್ಕು ಜಗಲಿಯ ಮೇಲೆ ಹೋಗಿ ಕುಳಿತು, ಹೊಸದಾಗಿ ಬಂದಿದ್ದ ನಾಯಿಗೆ ಹೇಳಿತು, "ನಾನು ಯಾರು ಗೊತ್ತಾ? ಒಂದಿಡೀ ಹೊಂಡವನ್ನ ಒಬ್ಬನೇ ಕಾದವನು." ನಾಯಿ ನಂಬಿತೋ ಇಲ್ಲವೋ ತಿಳಿಯದು. ಆ ಮನೆಯವರಂತೂ ಬೆಕ್ಕಿಗೆ ಹಾಲು ಹಾಕಿದರು.

ಸಾವಂತ್ರಿಯ ಎರಡು ಮೊಟ್ಟೆಗಳೂ ಮರಿಯಾದವು. ಮಸಿಯಂಥ ಎರಡು ಕರಿ ಮರಿಗಳು. ಅವಳು ಅವನ್ನು ಕರೆದುಕೊಂಡು ಮೇಯಲು ಹೊರಟ ಮೊದಲನೆಯ ದಿನ ಕೆಂಚಮ್ಮ "ಟಿಟ್ಟಿಟ್ರೀ!" ಎಂದಳು. ಸಾವಂತ್ರಿ ತಿರುಗಿ ನೋಡಿದಳು. ಎಮ್ಮೆ. ಎಮ್ಮೆ ಎಂದು ಚೆನ್ನಾಗಿ ಕಾಣುತ್ತಲೇ ಇತ್ತು. ಆದರೂ ಬಾಯಲ್ಲಿದ್ದ ಹುಳವನ್ನು ಅಲ್ಲೇ ಬಿಟ್ಟು, ಎರಡು ಮರಿಗಳನ್ನೂ ಮುಂದೆ ಹಾಕಿಕೊಂಡು ಜೊಂಡಿನೊಳಗೆ ಓಡಿದಳು.

ನೀತಿ: ಕಾವಲಿಗೆ ಇಡುವಾಗ ಮೀಸೆಯನ್ನೂ ಗಂಟೆಯನ್ನೂ ನೋಡಬೇಡಿ, ನಮಗೆ ಕೇಡಾದರೆ ತನಗೂ ಕೇಡು ಎನ್ನುವವರು ಯಾರು ಎಂದು ನೋಡಿ, ಅವರು ಕೂಗಿದರೆ ಕಿವಿ ಮುಚ್ಚಿಕೊಳ್ಳಬೇಡಿ.